ಸಾಫ್ಟ್ ಹ್ಯಾಕಲ್ ಫ್ಲೈ ಕಟ್ಟೋದು ಹೇಗೆ: ಪಾರ್ಟ್ರಿಡ್ಜ್ ಅಂಡ್ ಆರೆಂಜ್‌ನಿಂದ ಶುರು ಮಾಡಿ

ಮಾರ್ಚ್ ಹತ್ರ ಬರ್ತಿದ್ದ ಹಾಗೆ ಇಂಗ್ಲೆಂಡಿನ ಉತ್ತರದಲ್ಲಿರೋ ನಮ್ಮ ಕನ್ನಡದವರು, ಜೊತೆಗೆ ಊರಿಂದ ರಜೆ ಹಾಕಿ ಹಿಮಾಚಲದ ಕಡೆ ಟ್ರೌಟ್ ಹಿಡಿಯೋಕೆ ಹೋಗೋರು, ಎಲ್ಲರೂ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ. ಸಾಫ್ಟ್ ಹ್ಯಾಕಲ್ ಫ್ಲೈ ಮನೇಲಿ ಕಟ್ಟೋದು ಹೇಗೆ, ಕಟ್ಟಿದ್ದು ನೋಡೋಕೆ ಚೆನ್ನಾಗೇ ಇದೆ ಆದ್ರೆ ಮೀನು ಯಾಕೆ ಮುಟ್ಟಲ್ಲ. ಫೋಟೋ ಕಳಿಸಿ ಅಂತೀನಿ, ಕಳಿಸ್ತಾರೆ, ನೋಡಿದ್ರೆ ಹತ್ತರಲ್ಲಿ ಒಂಬತ್ತು ಸಲ ಅದೇ ತಪ್ಪು, ಗರಿ ಜಾಸ್ತಿ ಆಗಿರತ್ತೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಪೂರ್ತಿ ಇಲ್ಲೇ ಬರೀತೀನಿ, ಪಾರ್ಟ್ರಿಡ್ಜ್ ಅಂಡ್ ಆರೆಂಜ್ ಅನ್ನೋ ಒಂದೇ ಒಂದು ಫ್ಲೈ ಇಟ್ಕೊಂಡು ಮೊದಲಿಂದ ಕೊನೆ ತನಕ. ಪಾರ್ಟ್ರಿಡ್ಜ್ ಹಕ್ಕಿಯ ಗರಿ, ಕಿತ್ತಳೆ ನೂಲು, ಅದಕ್ಕೇ ಆ ಹೆಸರು. ಅದು ಕೈಗೆ ಬಂದ್ರೆ ಉಳಿದವು ತಾನಾಗೇ ಬರ್ತವೆ.

ಹೊಸಬರಿಗೆ ಎರಡು ಮಾತು. ಫ್ಲೈ ಅಂದ್ರೆ ಗಾಳದ ಹುಕ್‌ಗೆ ನೂಲು, ಗರಿ, ತುಪ್ಪಳ ಸುತ್ತಿ ಹುಳದ ಥರ ಮಾಡೋದು, ಎರೆಹುಳ ಹಿಟ್ಟು ಏನೂ ಬೇಡ. ವೆಟ್ ಫ್ಲೈ ಅಂದ್ರೆ ನೀರಿನ ಒಳಗೆ ಹೋಗೋದು, ಡ್ರೈ ಫ್ಲೈ ಅಂದ್ರೆ ಮೇಲೆ ತೇಲೋದು. ಹ್ಯಾಕಲ್ ಅಂದ್ರೆ ಹುಕ್ಕಿನ ಕುತ್ತಿಗೆ ಹತ್ರ ಕೊರಳಪಟ್ಟಿ ಥರ ಸುತ್ತೋ ಗರಿ. ಅದು ಮೆತ್ತಗಿದ್ರೆ ಸಾಫ್ಟ್ ಹ್ಯಾಕಲ್. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇದಕ್ಕೆ ಸ್ಪೈಡರ್ ಅಂತಾರೆ. ಹಾಗಂತ ಜೇಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಉದ್ದ ಕಾಲು ಚಾಚಿದ ಹಾಗೆ ಕಾಣೋದ್ರಿಂದ ಬಂದ ಹೆಸರು.

ಈ ಫ್ಲೈಗಳು ಹುಟ್ಟಿದ ನದಿಗಳನ್ನ ಒಂದ್ಸಲ ಕಣ್ಮುಂದೆ ತಂದ್ಕೊಂಡ್ರೆ ಯಾಕೆ ಹೀಗೆ ಬಡಕಲಾಗಿ ಕಟ್ಟಬೇಕು ಅನ್ನೋದು ಅರ್ಥ ಆಗತ್ತೆ. ವಾರ್ಫ್, ಯೂರ್, ನಿಡ್, ಸ್ವೇಲ್, ಎಲ್ಲಾ ಯಾರ್ಕ್‌ಶೈರ್ ಡೇಲ್ಸ್‌ನ ಗುಡ್ಡದಿಂದ ಇಳಿಯೋ ಮಳೆನೀರಿನ ನದಿಗಳು, ತುಂಬಾ ಕಡೆ ತೆಳು ನೀರು, ಕಲ್ಲು, ಓಟ. ಗ್ರಾಸಿಂಗ್‌ಟನ್ ಬರ್ನ್ಸಾಲ್ ಊರುಗಳ ಹತ್ರ ವಾರ್ಫ್‌ನಲ್ಲಿ ಇಳಿದು ನಿಂತ್ರೆ ನೀರು ಮೊಣಕಾಲಿಗೆ ಬಡ್ಕೊಂಡು ಹೋಗತ್ತೆ. ಅಲ್ಲಿ ತಳದಲ್ಲಿ ಬೆಳೆದ ಹುಳ ರೆಕ್ಕೆ ಬಿಚ್ಚೋಕೆ ಅಂತ ಮೇಲಕ್ಕೆ ಏಳತ್ತಲ್ಲ, ಆ ಹೊತ್ತಲ್ಲಿ ಅದು ಅರ್ಧ ಹುಳ ಅರ್ಧ ನೊಣ, ಚಿಪ್ಪು ಅರ್ಧ ಕಳಚಿರತ್ತೆ, ಕಾಲು ರೆಕ್ಕೆ ಎಲ್ಲಾ ಜೋತಾಡ್ತಾ ಇರತ್ತೆ, ಹರಿವು ಎತ್ತ ತಳ್ಳತ್ತೋ ಅತ್ತ. ಟ್ರೌಟ್‌ಗೆ ಅದನ್ನ ಪರೀಕ್ಷೆ ಮಾಡೋಕೆ ಟೈಮಿಲ್ಲ, ಒಂದು ಕ್ಷಣದಲ್ಲಿ ಬಾಯಿ ಹಾಕ್ಬೇಕು ಇಲ್ಲಾ ಬಿಡ್ಬೇಕು. ಅದು ನೋಡೋದು ಅಲುಗಾಟ. ಮೆತ್ತನೆ ಗರಿಯ ಹತ್ತು ಹದಿನೈದು ಎಳೆ ನೀರಲ್ಲಿ ಮುಚ್ಚಿ ತೆರೆದು ಮಾಡಿದ್ರೆ ಜೀವ ಇದ್ದ ಹಾಗೆ ಕಾಣತ್ತೆ. ನಲವತ್ತು ಎಳೆ ಇದ್ರೆ ಒಂದಕ್ಕೊಂದು ಆತ್ಕೊಂಡು ಪೊರಕೆ ಥರ ನಿಲ್ಲತ್ತೆ, ಅಲುಗಾಡಲ್ಲ. ಈ ಒಂದು ವಿಷಯಕ್ಕೋಸ್ಕರಾನೇ ಕೆಳಗಿನ ಎಲ್ಲಾ ಹಂತ.

ಏನೇನು ಬೇಕು

ವೈಸ್ ಬೇಕು, ಅಂದ್ರೆ ಹುಕ್ ಹಿಡ್ಕೊಳ್ಳೋ ಪುಟ್ಟ ಇಕ್ಕಳ, ಟೇಬಲ್ ಅಂಚಿಗೆ ಸಿಗಿಸೋದು. ದುಬಾರಿದು ಬೇಡ, ಆದ್ರೆ ಹುಕ್ಕು ಜಾರದ ಹಾಗೆ ಹಿಡೀಬೇಕು. ಬಾಬಿನ್ ಹೋಲ್ಡರ್, ಇದು ನೂಲಿನ ಉಂಡೆಯನ್ನ ತೂಗಿ ಹಾಕೋ ಕಡ್ಡಿ, ಅದರ ಭಾರದಲ್ಲೇ ನೂಲು ಬಿಗಿಯಾಗಿ ನಿಲ್ಲತ್ತೆ. ಹ್ಯಾಕಲ್ ಪ್ಲಯರ್ಸ್, ಗರಿ ತುದಿ ಕಚ್ಚೋ ಚಿಮಟ. ಚೂಪು ತುದಿಯ ಸಣ್ಣ ಕತ್ತರಿ, ಒಂದು ಸೂಜಿ, ಚೂರು ಮೇಣ, ಕೊನೇಲಿ ಹಚ್ಚೋಕೆ ವಾರ್ನಿಶ್. ಕತ್ತರಿಯಲ್ಲಿ ಮಾತ್ರ ಜುಗ್ಗತನ ಮಾಡ್ಬೇಡಿ, ಮತ್ತೆ ಅದೇ ಕತ್ತರೀಲಿ ತಂತಿ ಕತ್ತರಿಸ್ಬೇಡಿ.

ಹುಕ್: ವೆಟ್ ಫ್ಲೈ ಹುಕ್, 14 ನಂಬರ್. ನಂಬರ್ ಜಾಸ್ತಿ ಆದ ಹಾಗೆ ಹುಕ್ ಚಿಕ್ಕದಾಗತ್ತೆ, 12 ದೊಡ್ಡದು 16 ಚಿಕ್ಕದು, ಇದು ಸುಮಾರು ಜನಕ್ಕೆ ಉಲ್ಟಾ ಅನ್ಸತ್ತೆ. ಕಲಿಯೋಕೆ 12ರಲ್ಲಿ ಶುರು ಮಾಡಿದ್ರೂ ಸರಿ.

ನೂಲು: ಕಿತ್ತಳೆ ಬಣ್ಣದ ತೆಳು ರೇಷ್ಮೆ. ಹಳೇ ರೆಸಿಪಿಗಳಲ್ಲೆಲ್ಲ ಪಿಯರ್ಸಲ್ಸ್ ಗಾಸಮರ್ ಅನ್ನೋ ಹೆಸರೇ ಕಾಣತ್ತೆ, ಅದೇ ಬ್ರ್ಯಾಂಡ್ ಆಗ್ಬೇಕು ಅಂತ ತಲೆ ಕೆಡಿಸ್ಕೊಳ್ಬೇಡಿ, ತೆಳ್ಳಗಿರೋ ನಿಜವಾದ ರೇಷ್ಮೆ ಆದ್ರೆ ಸಾಕು. ಪಾಲಿಯೆಸ್ಟರ್ ನೂಲಲ್ಲೂ ಕಟ್ಟಬಹುದು, ಮೀನು ಬೀಳತ್ತೆ, ಆದ್ರೆ ರೇಷ್ಮೆ ನೀರಲ್ಲಿ ನೆನೆದಾಗ ಕಿತ್ತಳೆ ಬಣ್ಣ ಹಣ್ಣಾಗಿ ಕಂದು ಕಡೆ ತಿರುಗತ್ತೆ, ಒಳಗಿನ ಕಬ್ಬಿಣದ ಕಪ್ಪು ತೆಳುವಾಗಿ ಮೇಲಕ್ಕೆ ಬರತ್ತೆ. ಪಾಲಿಯೆಸ್ಟರ್‌ಗೆ ಆ ಗುಣ ಇಲ್ಲ, ನೆಂದ್ರೂ ಅದೇ ಹೊಳಪು ಕಿತ್ತಳೆ.

ಊರಲ್ಲಿರೋರಿಗೆ ಇಲ್ಲಿ ಒಂದು ಎಚ್ಚರಿಕೆ. ಸೀರೆ ಕುಚ್ಚು ಹಾಕೋಕೆ ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಲ್ಕ್ ಥ್ರೆಡ್ ಅಂತ ಕೊಡ್ತಾರಲ್ಲ, ಅದು ಹೆಚ್ಚಾಗಿ ಆರ್ಟ್ ಸಿಲ್ಕ್, ರೇಷ್ಮೆ ಅಲ್ಲ. ಒಂದು ಎಳೆ ಸುಟ್ಟು ನೋಡಿ, ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರತ್ತೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಆರ್ಟ್ ಸಿಲ್ಕ್ ಆದ್ರೆ ಕಾಗದ ಸುಟ್ಟ ವಾಸನೆ, ಇಲ್ಲಾ ಕರಗಿ ಗಂಟಾಗತ್ತೆ. ರಾಮನಗರ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಇರೋ ನಾಡಿನವರು ನಾವು, ಹುಡುಕಿದ್ರೆ ಒಳ್ಳೇ ರೇಷ್ಮೆ ನೂಲು ಸಿಕ್ಕೇ ಸಿಗತ್ತೆ. ಹುರಿ ಮಾಡಿದ ತೆಳು ನೂಲು ಕೇಳಿ, ದಪ್ಪ ಇದ್ರೆ ಎಳೆ ಬಿಡಿಸಿ ಒಂದೇ ಎಳೆ ಬಳಸಿ.

ಗರಿ: ಗ್ರೇ ಪಾರ್ಟ್ರಿಡ್ಜ್ ಅನ್ನೋ ಹಕ್ಕಿಯ ಬೆನ್ನಿನ ಕಂದು ಚುಕ್ಕೆ ಗರಿ. ಅಮೆರಿಕದವರು ಇದೇ ಹಕ್ಕಿಗೆ ಹಂಗೇರಿಯನ್ ಪಾರ್ಟ್ರಿಡ್ಜ್ ಅಂತಾರೆ. ಅಂಗಡೀಲಿ ಬಿಡಿ ಗರಿಗಳ ಪ್ಯಾಕೆಟ್ ಕಮ್ಮಿ ದುಡ್ಡಿಗೆ ಸಿಗತ್ತೆ, ತಗೋಬೇಡಿ. ಅದರಲ್ಲಿ ಮುಕ್ಕಾಲು ಪಾಲು ದೊಡ್ಡ ಗರಿ ಇರತ್ತೆ, 14ನೇ ನಂಬರ್ ಹುಕ್ಕಿಗೆ ಆಗೋಂಥದ್ದು ಬೆರಳೆಣಿಕೆ. ಪೂರ್ತಿ ಸ್ಕಿನ್ ತಗೊಳ್ಳಿ, ಅಂದ್ರೆ ಗರಿ ಸಮೇತ ಒಣಗಿಸಿದ ಚರ್ಮ. ಸಣ್ಣ ಗರಿ ಎಲ್ಲಾ ಕುತ್ತಿಗೆ, ಹೆಗಲು ಹತ್ರ ಇರತ್ತೆ, ಒಂದು ಸ್ಕಿನ್ನಲ್ಲಿ ವರ್ಷಗಟ್ಟಲೆ ಕಟ್ಟಬಹುದು. ತಂದ ಮೇಲೆ ಜಿಪ್ ಕವರ್‌ಗೆ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ, ನುಸಿ ಹುಳ ಇದ್ರೆ ಸಾಯತ್ತೆ. ಒಂದು ನುಸಿ ಬಿದ್ದ ಸ್ಕಿನ್ ಡಬ್ಬೀಲಿರೋ ಎಲ್ಲಾ ಗರಿ ತಿಂದು ಮುಗಿಸತ್ತೆ.

ಇನ್ನೂ ಮುಖ್ಯವಾದ್ದು, ಇಂಡಿಯಾದಲ್ಲಿರೋರು ದಯವಿಟ್ಟು ಗಮನಿಸಿ. ಪಾರ್ಟ್ರಿಡ್ಜ್ ಅಂದ್ರೆ ನಮ್ಮ ಗೌಜಲ ಹಕ್ಕಿ ಅಲ್ವಾ ಅಂತ ತುಂಬಾ ಜನ ಕೇಳಿದ್ದಾರೆ. ಹತ್ತಿರದ ನೆಂಟ ಇರಬಹುದು, ಆದ್ರೆ ನಮ್ಮ ಕಾಡುಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯೋದು, ಹಿಡಿದೋರ ಹತ್ರ ಗರಿ ಕೊಳ್ಳೋದು ಎರಡೂ ಬೇಡ. ಬದಲಿಗೆ ನಾಟಿ ಕೋಳಿ ಇದೆ. ಹುಂಜ ಬೇಡ, ಹ್ಯಾಟೆ ಕುತ್ತಿಗೆ ಬೆನ್ನಿನ ಗರಿ ತಗೊಳ್ಳಿ. ಹುಂಜದ ಗರಿ ಬಿರುಸು, ಡ್ರೈ ಫ್ಲೈಗೆ ಸರಿ, ನೀರೊಳಗೆ ಮುಳ್ಳಿನ ಥರ ನಿಂತ್ಬಿಡತ್ತೆ. ಹ್ಯಾಟೆ ಗರಿ ನೆಂದ ತಕ್ಷಣ ಮೆತ್ತಗಾಗತ್ತೆ. ಕಂದು ಮೈಯ ಮೇಲೆ ಕಪ್ಪು ಗೆರೆ ಚುಕ್ಕೆ ಇರೋ ಹ್ಯಾಟೆ ಸಿಕ್ಕಿದ್ರೆ ಬಿಡ್ಬೇಡಿ. ಕೋಳಿ ಅಂಗಡಿಯವರಿಗೆ ಮುಂಚೆನೇ ಹೇಳಿಟ್ಟು, ಬಿಸಿನೀರಿಗೆ ಅದ್ದೋ ಮೊದಲೇ ಗರಿ ಕಿತ್ತು ಕೊಡೋಕೆ ಹೇಳಿ, ಮನೇಲಿ ಶಾಂಪೂ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಮೇಣ: ಇಲ್ಲಿ ಇಂಗ್ಲೆಂಡಿನ ಹಳಬರು ಚಮ್ಮಾರರ ಕಪ್ಪು ಮೇಣ ಬಳಸ್ತಾರೆ, ಜೇನುಮೇಣದ ಜೊತೆ ರಾಳ ಸೇರಿಸಿದ್ದು. ಅದು ನೂಲಿನ ಬಣ್ಣಾನೂ ಸ್ವಲ್ಪ ಮಬ್ಬು ಮಾಡತ್ತೆ, ಅದು ಒಳ್ಳೇದೇ. ಸಿಗದಿದ್ರೆ ಬರೀ ಜೇನುಮೇಣ ನಡೆಯತ್ತೆ.

ಈಗ ಕೆಲಸ. ಬಲಗೈಯವರಿಗೆ ಅಂತ ಬರ್ದಿದ್ದೀನಿ, ಹುಕ್ಕಿನ ಕಣ್ಣು, ಅಂದ್ರೆ ದಾರ ಪೋಣಿಸೋ ತೂತು, ನಿಮ್ಮ ಬಲಕ್ಕೆ ಇರತ್ತೆ, ನೂಲು ಯಾವಾಗಲೂ ನಿಮ್ಮ ಕಡೆಯಿಂದ ಮೇಲೆ ಹೋಗಿ ಆ ಕಡೆ ಇಳೀಬೇಕು.

1. ಮೊದಲು ಗರಿ ರೆಡಿ ಮಾಡ್ಕೊಳ್ಳಿ

ಹುಕ್ ವೈಸ್‌ಗೆ ಹಾಕೋ ಮುಂಚೆನೇ ಇದನ್ನ ಮಾಡ್ಬೇಕು, ಯಾಕಂದ್ರೆ ನೂಲು ಜೋತಾಡ್ತಿರೋವಾಗ ಗರಿ ಹುಡುಕೋಕೆ ಹೋದ್ರೆ ಅವಸರದಲ್ಲಿ ಕೈಗೆ ಸಿಕ್ಕಿದ್ದು ಹಾಕ್ಬಿಡ್ತೀವಿ. ಗರಿ ಒಂದು ಕಿತ್ತು, ಅದರ ಎಳೆಗಳನ್ನ ದಂಟಿಗೆ ಅಡ್ಡಡ್ಡ ನಿಲ್ಲೋ ಹಾಗೆ ಸವರಿ, ಹುಕ್ ಪಕ್ಕ ಇಟ್ಟು ಅಳೀರಿ. ಕಣ್ಣಿನ ಹತ್ರ ದಂಟು ಇಟ್ರೆ ಎಳೆ ತುದಿ ಹುಕ್ಕಿನ ಬಾಗು ಮುಟ್ಟಬೇಕು, ಇಲ್ಲಾ ಒಂದು ಕೂದಲಷ್ಟು ದಾಟಬೇಕು, ಅಷ್ಟೇ. ಅದಕ್ಕಿಂತ ಉದ್ದ ಇದ್ರೆ ಮೀನು ಗರಿ ತುದಿ ಕಚ್ಚಿ ಬಿಟ್ಟುಬಿಡತ್ತೆ, ನಿಮಗೆ ಟಕ್ ಅಂತ ಗೊತ್ತಾಗತ್ತೆ, ಮೀನು ಇರಲ್ಲ.

ಎಳೆಗಳನ್ನ ಕತ್ತರಿಸಿ ಗಿಡ್ಡ ಮಾಡೋಕೆ ಹೋಗ್ಬೇಡಿ. ತುದಿ ತೆಳ್ಳಗೆ ಇರೋದ್ರಿಂದಾನೇ ಅದು ಅಲುಗಾಡೋದು, ತುದಿ ಕತ್ತರಿಸಿದ್ರೆ ಮೊಂಡು ಕಡ್ಡಿ ಉಳಿಯತ್ತೆ. ಚಿಕ್ಕ ಗರಿ ಹುಡುಕಿ ಇಲ್ಲಾ ದೊಡ್ಡ ಹುಕ್ ತಗೊಳ್ಳಿ.

ಗರಿ ಬುಡದಲ್ಲಿರೋ ಹತ್ತಿಯಂಥ ತುಪ್ಪಳ ಪೂರ್ತಿ ಕಿತ್ತು ಹಾಕಿ. ಆಮೇಲೆ ತುದಿಯ ಪುಟ್ಟ ತ್ರಿಕೋನ ಬಿಟ್ಟು ಉಳಿದ ಎಳೆಗಳನ್ನ ಬುಡದ ಕಡೆ ಹಿಂದಕ್ಕೆ ಸವರಿ. ದಂಟಿನ ಎರಡೂ ಬದಿ ಎಳೆ ಇರತ್ತಲ್ಲ, ಒಂದು ಬದಿಯದ್ದನ್ನ ಕಿತ್ತು ಹಾಕಿದ್ರೆ ಎರಡು ಸುತ್ತು ಹಾಕಿದ್ರೂ ಗರಿ ಜಾಸ್ತಿ ಆಗಲ್ಲ. ಹೊಸಬರಿಗೆ ನಾನು ಇದನ್ನೇ ಹೇಳೋದು, ಕೈ ತಪ್ಪಿ ಜಾಸ್ತಿ ಸುತ್ತೋಕೆ ಅವಕಾಶಾನೇ ಇರಲ್ಲ.

2. ಹುಕ್ ಹಿಡಿಸಿ, ಮುಳ್ಳು ಒತ್ತಿ

ಹುಕ್ಕಿನ ಮೊನೆ ಒಳಗಿರೋ ಮುಳ್ಳನ್ನ ಚಪ್ಪಟೆ ಇಕ್ಕಳದಲ್ಲಿ ಒತ್ತಿ ಮಲಗಿಸಿ. ಮೀನನ್ನ ವಾಪಸ್ ಬಿಡೋವಾಗ ಸುಲಭವಾಗಿ ಕಳಚತ್ತೆ, ನಿಮ್ಮ ಬೆರಳಿಗೆ ಚುಚ್ಚಿದ್ರೂ ಆಸ್ಪತ್ರೆಗೆ ಓಡೋದು ತಪ್ಪತ್ತೆ. ಇದನ್ನ ಕಟ್ಟೋ ಮೊದಲೇ ಮಾಡಿ, ಯಾಕಂದ್ರೆ ಒತ್ತುವಾಗ ಕೆಲವು ಹುಕ್ ಮುರಿಯತ್ತೆ, ಕಟ್ಟಿ ಮುಗಿಸಿದ ಮೇಲೆ ಮುರಿದ್ರೆ ಮಾಡಿದ ಕೆಲಸ ಎಲ್ಲಾ ಹಾಳು. ವೈಸ್‌ಗೆ ಬಾಗಿನ ಭಾಗ ಕಚ್ಚಿಸಿ, ಮೇಲಿನ ನೇರ ದಂಡ ನೆಲಕ್ಕೆ ಸಮಾನವಾಗಿರಲಿ.

3. ನೂಲಿಗೆ ಮೇಣ ಹಚ್ಚಿ

ಮೇಣವನ್ನ ಬೆರಳಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಒಂದು ಗೇಣು ನೂಲು ಬಾಬಿನ್‌ನಿಂದ ಎಳೆದು ಮೇಣದ ಮೇಲೆ ಎರಡು ಮೂರು ಸಲ ಸರ್ರಂತ ಎಳೀರಿ. ನಿಧಾನವಾಗಿ ಎಳೆದ್ರೆ ಮೇಣ ಉಂಡೆ ಉಂಡೆಯಾಗಿ ಕೂರತ್ತೆ, ನೂಲೂ ಕಿತ್ತು ಹೋಗಬಹುದು. ಮೇಣ ಇದ್ರೆ ನೂಲು ಜಾರಲ್ಲ, ಕೈ ಬಿಟ್ರೂ ಸುತ್ತು ಬಿಚ್ಚಲ್ಲ, ಅದಕ್ಕೇ ವೈಸ್ ಇಲ್ಲದ ಕಾಲದಲ್ಲಿ ಬರೀ ಬೆರಳಲ್ಲಿ ಹುಕ್ ಹಿಡ್ಕೊಂಡು ಕಟ್ತಾ ಇದ್ರು.

ಕೈ ಒರಟಾಗಿದ್ರೆ ರೇಷ್ಮೆ ಎಳೆ ಎಳೆಯಾಗಿ ಸಿಕ್ಕಾಕ್ಕೊಳ್ಳತ್ತೆ. ಇಲ್ಲಿ ಚಳಿಗಾಲದಲ್ಲಂತೂ ಎಲ್ಲರ ಬೆರಳೂ ಒಡೆದಿರತ್ತೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಕಟ್ಟೋಕೆ ಕೂರೋ ಮುಂಚೆ ಎಣ್ಣೆ ಅಂಶ ಪೂರ್ತಿ ಹೋಗೋ ಹಾಗೆ ಸೋಪಲ್ಲಿ ತೊಳ್ಕೊಳ್ಳಿ.

4. ನೂಲು ಶುರು ಮಾಡಿ, ಗರಿ ಕಟ್ಟಿ

ಕಣ್ಣಿನಿಂದ ಒಂದೂವರೆ ಎರಡು ಮಿಲಿಮೀಟರ್ ಹಿಂದೆ ನೂಲು ಶುರು ಮಾಡಿ. ಈ ಜಾಗ ಬಿಡದೇ ಇರೋದು ಎರಡನೇ ದೊಡ್ಡ ತಪ್ಪು, ಕೊನೇಲಿ ತಲೆ ಕಟ್ಟೋಕೆ ಜಾಗ ಇರಲ್ಲ, ಕಣ್ಣೇ ಮುಚ್ಚಿ ಹೋಗತ್ತೆ, ಆಮೇಲೆ ನದಿ ದಡದಲ್ಲಿ ನಡುಗೋ ಕೈಯಲ್ಲಿ ದಾರ ಪೋಣಿಸೋಕೆ ಆಗಲ್ಲ.

ನಾಲ್ಕೈದು ಸುತ್ತು ಆದ ಮೇಲೆ ಗರಿಯ ಬುಡದ ದಂಟನ್ನ ಅಲ್ಲಿ ಇಟ್ಟು ಕಟ್ಟಿ, ಗರಿ ಮಾತ್ರ ಕಣ್ಣಿನ ಆಚೆ ಮುಂದಕ್ಕೆ ಚಾಚಿಕೊಂಡಿರಲಿ. ಗರಿಗೆ ಎರಡು ಮುಖ, ಒಂದು ಹೊಳಪು ಉಬ್ಬು, ಇನ್ನೊಂದು ಮಂಕು ತಗ್ಗು. ಮುಂದಕ್ಕೆ ಚಾಚಿರೋವಾಗ ಹೊಳಪಿನ ಮುಖ ಕೆಳಗೆ, ಮಂಕು ಮುಖ ಮೇಲೆ ಇರ್ಬೇಕು. ತಲೆ ಕೆಟ್ಟ ಹಾಗಾದ್ರೆ ಹೀಗೆ ನೆನಪಿಡಿ, ಆಮೇಲೆ ಗರಿಯನ್ನ ನೆಟ್ಟಗೆ ಎತ್ತಿ ನಿಲ್ಲಿಸಿದಾಗ ಹೊಳಪಿನ ಮುಖ ಕಣ್ಣಿನ ಕಡೆ ನೋಡ್ಬೇಕು. ಆಗ ಎಳೆಗಳು ಸಹಜವಾಗಿ ಹಿಂದಕ್ಕೆ ಬಾಗ್ತವೆ. ಉಲ್ಟಾ ಕಟ್ಟಿದ್ರೆ ಮುಂದಕ್ಕೆ ಬಾಗಿ ಛತ್ರಿ ಗಾಳಿಗೆ ಮಗುಚಿದ ಹಾಗಾಗತ್ತೆ.

ಗರಿಯನ್ನ ಮೊದಲೇ ಕಟ್ಟೋದು ಯಾಕೆ, ಮೈ ಆದ ಮೇಲೆ ಕಟ್ಟಬಾರದಾ ಅಂತ ಕೇಳ್ತಾರೆ. ಕಟ್ಟಬಹುದು, ಗರಿ ತುದಿಯನ್ನ ಕಟ್ಟಿ ಬುಡದ ಕಡೆಯಿಂದ ಸುತ್ತೋದೂ ಒಂದು ಪದ್ಧತಿ. ಆದ್ರೆ ಪಾರ್ಟ್ರಿಡ್ಜ್ ಗರಿ ತುದಿ ತುಂಬಾ ನಾಜೂಕು, ಎಳೆದ್ರೆ ಪಟ್ ಅಂತ ಹೋಗತ್ತೆ. ಬುಡದಲ್ಲಿ ಕಟ್ಟಿದ್ರೆ ಗಟ್ಟಿ ದಂಟು ಮೈಯ ಕೆಳಗೆ ಭದ್ರವಾಗಿ ಸಿಕ್ಕಾಕ್ಕೊಳ್ಳತ್ತೆ, ಜೊತೆಗೆ ಕೊನೇಲಿ ನೂಲು ಗರಿಯ ನಡುವೆ ಹಾದು ಬರೋದ್ರಿಂದ ಹತ್ತು ಮೀನಾದ್ರೂ ಬಿಚ್ಚಲ್ಲ. ನನಗೆ ಇದೇ ಇಷ್ಟ. ಉಳಿದ ದಂಟನ್ನ ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ.

5. ಮೈ ಸುತ್ತಿ, ಎರಡೇ ಪದರ

ಬಾಬಿನ್ ಜೋತು ಬಿಟ್ಟು ಮೇಲಿಂದ ನೋಡಿದ್ರೆ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗಿಸಿ, ನೂಲಿನ ಹುರಿ ಸಡಿಲ ಆಗಿ ರಿಬ್ಬನ್ ಥರ ಚಪ್ಪಟೆ ಆಗತ್ತೆ. ಹಾಗೇ ಒಂದು ಸುತ್ತಿನ ಪಕ್ಕ ಇನ್ನೊಂದು ತಾಗೋ ಹಾಗೆ ಹಿಂದಕ್ಕೆ ಸುತ್ಕೊಂಡು ಹೋಗಿ. ಎಲ್ಲಿ ತನಕ? ಹುಕ್ಕಿನ ಮೊನೆ ಎಲ್ಲಿದೆ ನೋಡಿ, ಅದರ ನೇರಕ್ಕೆ ಮೇಲೆ, ಇಲ್ಲಾ ಮೊನೆಗೂ ಮುಳ್ಳಿಗೂ ನಡುವೆ. ಅಲ್ಲೇ ನಿಲ್ಲಿಸ್ಬೇಕು. ಬಾಗಿನ ತನಕ ಹೋದ್ರೆ ಅದು ಬೇರೆ ಫ್ಲೈ ಆಗೋಗತ್ತೆ, ಈ ನದಿಗಳ ಹುಳ ಸಣ್ಣದು, ಗಿಡ್ಡ ಮೈನೇ ಇದರ ಲಕ್ಷಣ.

ಬೇಕಿದ್ರೆ ಇಲ್ಲಿ ತೆಳು ಚಿನ್ನದ ಬಣ್ಣದ ತಂತಿ ಕಟ್ಕೊಳ್ಳಿ. ಹಳೇ ರೆಸಿಪೀಲಿ ಇದು ಕಡ್ಡಾಯ ಅಲ್ಲ, ಆದ್ರೆ ಟ್ರೌಟ್ ಹಲ್ಲಿಗೆ ರೇಷ್ಮೆ ಬೇಗ ಹರಿಯತ್ತೆ, ತಂತಿ ಇದ್ರೆ ಬಾಳಿಕೆ ಬರತ್ತೆ. ಈಗ ಅದೇ ಥರ ತಾಗೋ ಸುತ್ತಲ್ಲಿ ಮುಂದಕ್ಕೆ ವಾಪಸ್ ಬನ್ನಿ, ಗರಿ ಕಟ್ಟಿದ ಜಾಗಕ್ಕೆ ಕೂದಲಷ್ಟು ಹಿಂದೆ ನಿಲ್ಲಿಸಿ. ಹೋಗಿದ್ದು ಒಂದು ಪದರ, ಬಂದಿದ್ದು ಒಂದು, ಮುಗೀತು. ಸರಿ ಕಾಣಲ್ಲ ಅಂತ ಮೂರನೇ ಪದರ ಹಾಕೋಕೆ ಮನಸ್ಸಾಗತ್ತೆ, ಹಾಕ್ಬೇಡಿ, ಮೈ ದಪ್ಪ ಆದ್ರೆ ನಿಧಾನ ಮುಳುಗತ್ತೆ, ಒಳಗಿನ ಕಪ್ಪೂ ಕಾಣಲ್ಲ. ತಂತಿ ಇದ್ರೆ ನಾಲ್ಕೈದು ಸುತ್ತು, ನೂಲಿಗೆ ವಿರುದ್ಧ ದಿಕ್ಕಲ್ಲಿ, ಮುಂದೆ ತಂದು ನೂಲಲ್ಲಿ ಕಟ್ಟಿ, ಕತ್ತರಿಸದೇ ಅಲ್ಲಾಡಿಸಿ ಮುರೀರಿ.

6. ಗರಿ ಸುತ್ತೋದು

ಎಲ್ಲರೂ ಕೆಡಿಸೋದು ಇಲ್ಲೇ, ಅದಕ್ಕೇ ನಿಧಾನ.

ಗರಿ ಒಣಗಿ ಬಿರುಸಾಗಿದ್ರೆ ಒದ್ದೆ ಬೆರಳಲ್ಲಿ ದಂಟನ್ನ ಒಮ್ಮೆ ಸವರಿ, ಮುರಿಯೋದು ಕಮ್ಮಿ ಆಗತ್ತೆ. ಗರಿ ತುದಿಯನ್ನ ಪ್ಲಯರ್ಸ್‌ನಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆತ್ತಿ, ಹೊಳಪಿನ ಮುಖ ಮುಂದಕ್ಕೆ ಇದೆಯಾ ನೋಡ್ಕೊಳ್ಳಿ. ಈಗ ಕಣ್ಣಿನ ಕಡೆಯಿಂದ ಹಿಂದಕ್ಕೆ, ಮೈ ಕಡೆಗೆ ಸುತ್ತಬೇಕು. ಪ್ರತಿ ಅರ್ಧ ಸುತ್ತಿಗೂ ಎಡಗೈಯಲ್ಲಿ ಎಳೆಗಳನ್ನ ಹಿಂದಕ್ಕೆ ಸವರ್ತಾ ಇರಿ. ಒಂದು ಸುತ್ತು. ಎರಡನೇದು ಮೊದಲನೇದರ ಹಿಂದೆ ತಾಗೋ ಹಾಗೆ. ನಿಲ್ಲಿಸಿ. ಎರಡೂ ಬದಿ ಎಳೆ ಇಟ್ಕೊಂಡಿದ್ರೆ ಒಂದೇ ಸುತ್ತಿಗೆ, ಹೆಚ್ಚಂದ್ರೆ ಒಂದೂವರೆಗೆ ನಿಲ್ಲಿಸಿ. ಗರಿ ಇನ್ನೂ ಉಳಿದಿದೆಯಲ್ಲ, ವೇಸ್ಟ್ ಆಗತ್ತಲ್ಲ ಅಂತ ಅನ್ಸತ್ತೆ, ನಮ್ಮ ಮನೆಗಳಲ್ಲಿ ಏನನ್ನೂ ಬಿಸಾಕಿ ಬೆಳೆದವರಲ್ಲ ನಾವು, ಆದ್ರೆ ಆ ಉಳಿದ ಗರಿ ಹುಕ್ಕಿನ ಮೇಲೆ ಇದ್ರೇನೇ ನಷ್ಟ.

ಈಗ ಹಿಂದೆ ಕಾಯ್ತಿರೋ ನೂಲನ್ನ ಗರಿ ತುದಿಯ ಮೇಲೆ ಎರಡು ಸುತ್ತು ಹಾಕಿ ಹಿಡೀರಿ. ಆಮೇಲೆ ನೂಲನ್ನ ಗರಿಯ ನಡುವೆಯೇ ಮುಂದಕ್ಕೆ ತನ್ನಿ, ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸ್ತಾ, ಯಾಕಂದ್ರೆ ನೇರ ಎಳೆದ್ರೆ ಎಳೆಗಳು ನೂಲಿನ ಕೆಳಗೆ ಸಿಕ್ಕಿ ಮೈಗೆ ಅಂಟಿ ಮಲಗತ್ತೆ. ಒಂದೆರಡು ಎಳೆ ಸಿಕ್ಕಿದ್ರೆ ಸೂಜಿ ತುದೀಲಿ ಎತ್ತಿ ಬಿಡಿ. ನೂಲು ಕಣ್ಣಿನ ಹಿಂದಕ್ಕೆ ಬಂದ ಮೇಲೆ ಗರಿ ತುದಿ ಕತ್ತರಿಸಿ, ಹುಷಾರು, ಇಲ್ಲಿ ನೂಲೇ ಕತ್ತರಿಸಿಬಿಟ್ಟು ಪೂರ್ತಿ ಬಿಚ್ಚಿಕೊಂಡಿದ್ದನ್ನ ತುಂಬಾ ಜನರ ಕೈಯಲ್ಲಿ ನೋಡಿದ್ದೀನಿ.

7. ತಲೆ

ಎಳೆಗಳನ್ನ ಹಿಂದಕ್ಕೆ ಸವರಿ ಹಿಡ್ಕೊಂಡು ಮೂರು ನಾಲ್ಕು ಸುತ್ತಿನ ವಿಪ್ ಫಿನಿಶ್ ಹಾಕಿ. ವಿಪ್ ಫಿನಿಶ್ ಅಂದ್ರೆ ನೂಲಿನ ತುದಿ ತನ್ನ ಸುತ್ತುಗಳ ಕೆಳಗೇ ಹೋಗಿ ಬಿಗಿಯಾಗೋ ಗಂಟು, ಅದಕ್ಕೊಂದು ಟೂಲ್ ಇದೆ, ಬೆರಳಲ್ಲೂ ಬರತ್ತೆ. ಕಷ್ಟ ಆದ್ರೆ ಒಂದಾದ ಮೇಲೊಂದು ಮೂರು ನಾಲ್ಕು ಬಿಡಿ ಕುಣಿಕೆ ಹಾಕಿ ಬಿಗೀರಿ. ತಲೆ ಆದಷ್ಟೂ ಪುಟ್ಟದಿರಲಿ. ಸೂಜಿ ತುದೀಲಿ ಒಂದು ಹನಿ ವಾರ್ನಿಶ್, ಗರಿಗೆ ತಾಗಬಾರದು. ತಾಗಿದ ಎಳೆ ಒಣಗಿ ಕಡ್ಡಿ ಆಗತ್ತೆ. ಕಣ್ಣಲ್ಲಿ ವಾರ್ನಿಶ್ ತುಂಬಿದ್ರೆ ಒಣಗೋ ಮುಂಚೆ ಒಂದು ಗರಿ ದಂಟು ತೂರಿಸಿ ತೆಗೀರಿ.

8. ಲೋಟದ ಪರೀಕ್ಷೆ

ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು, ಫ್ಲೈಗೆ ದಾರ ಕಟ್ಟಿ ಮುಳುಗಿಸಿ ಮೇಲೆ ಕೆಳಗೆ ನಿಧಾನ ಆಡಿಸಿ. ಮೇಲೆ ಎಳೆದಾಗ ಎಳೆಗಳು ಮೈ ಸುತ್ತ ಮುಚ್ಕೋಬೇಕು, ಬಿಟ್ಟಾಗ ಅರಳಬೇಕು. ಎಳೆಗಳ ನಡುವೆ ಮೈ ಕಾಣ್ತಾ ಇರ್ಬೇಕು. ಕಿತ್ತಳೆ ಬಣ್ಣ ಕಂದಾಗಿರ್ಬೇಕು. ಅರಳದೇ ಗುಪ್ಪೆಯಾಗೇ ಇದ್ರೆ ಗರಿ ಜಾಸ್ತಿ ಅಂತ ಅರ್ಥ, ಸೂಜಿ ಹಾಕಿ ಒಂದೊಂದೇ ಎಳೆಯನ್ನ ಬುಡದಲ್ಲಿ ಕತ್ತರಿಸಿ ತೆಳು ಮಾಡ್ಬಹುದು, ಆದ್ರೆ ಬ್ಲೇಡಲ್ಲಿ ಬಿಚ್ಚಿ ಮತ್ತೆ ಕಟ್ಟೋದೇ ಮೇಲು, ಹುಕ್ ಏನೂ ಹಾಳಾಗಲ್ಲ. ಒಣಗಿದ್ದಾಗ ಬಡಕಲು ಅಂತ ಅನ್ಸೋ ಫ್ಲೈ ನೀರಲ್ಲಿ ಸರಿಯಾಗಿ ಕಾಣತ್ತೆ. ಅಂಗಡೀಲಿ ಒಣಗಿದ್ದಾಗ ಚೆಂದ ಕಾಣ್ಬೇಕು ಅಂತ ದಟ್ಟ ಗರಿ ಹಾಕಿರ್ತಾರೆ, ಕೊಳ್ಳೋರು ನೋಡೋದು ಒಣಗಿದ್ದನ್ನೇ ಅಲ್ವಾ.

ಒಂದೇ ಕೂತು ಹನ್ನೆರಡು ಕಟ್ಟಿ. ಒಂದು ಪಾರ್ಟ್ರಿಡ್ಜ್, ಒಂದು ಬೇರೆ ಅಂತ ಹಾರಾಡ್ಬೇಡಿ. ಐದಾರು ಆದ ಮೇಲೆ ಕೈಗೆ ಅಳತೆ ತಾನಾಗೇ ಬರತ್ತೆ.

ಮುಂದೆ ಏನು ಕಟ್ಟಬಹುದು

ಪಾರ್ಟ್ರಿಡ್ಜ್ ಅಂಡ್ ಯೆಲ್ಲೋ ಇದೇ ಕೆಲಸ, ನೂಲು ಹಳದಿ, ಗರಿ ಅದೇ ಹಕ್ಕಿಯ ಬೂದು ಚುಕ್ಕೆಯದು. ಸ್ನೈಪ್ ಅಂಡ್ ಪರ್ಪಲ್‌ಗೆ ನೇರಳೆ ರೇಷ್ಮೆ, ಸ್ನೈಪ್ ಹಕ್ಕಿಯ ರೆಕ್ಕೆ ಮೇಲಂಚಿನ ಪುಟ್ಟ ಕಪ್ಪು ಗರಿ. ಮೋಡ ಕವಿದ ತಣ್ಣನೆ ದಿನ, ಐರನ್ ಬ್ಲೂ ಅನ್ನೋ ಪುಟ್ಟ ಕಪ್ಪು ಹುಳ ಎದ್ದಾಗ ಇದಕ್ಕೆ ಸಮ ಇನ್ನೊಂದಿಲ್ಲ.

ವಾಟರ್‌ಹೆನ್ ಬ್ಲೋವಾ ಮಾತ್ರ ಬೇರೆ ಪಾಠ. ಬ್ಲೋವಾ ಅಂದ್ರೆ ಆ ಸೀಮೆಯ ಮಾತಲ್ಲಿ ಸೀಸದಂಥ ನೀಲಿ ಬೂದು, ಮಳೆ ಮೋಡದ ಬಣ್ಣ. ಹಳದಿ ರೇಷ್ಮೆಗೆ ಮೋಲ್ ಅನ್ನೋ ನೆಲ ಅಗೆಯೋ ಪ್ರಾಣಿಯ ತುಪ್ಪಳ ಹೊಸೀಬೇಕು, ಇದಕ್ಕೆ ಡಬ್ಬಿಂಗ್ ಅಂತಾರೆ. ಎಷ್ಟು ತುಪ್ಪಳ ಅಂದ್ರೆ ಚಿಟಿಕೆಯಲ್ಲಿ ತಗೊಂಡಿದ್ದರಲ್ಲಿ ಮುಕ್ಕಾಲು ವಾಪಸ್ ಇಟ್ಟು ಉಳಿದದ್ದನ್ನ ಮೇಣದ ನೂಲಿಗೆ ಮಂಜು ಕೂತ ಹಾಗೆ ಹಚ್ಚಿ ಬೆರಳಲ್ಲಿ ಹೊಸೆಯೋದು. ಹಳದಿ ಒಳಗಿಂದ ಕಾಣ್ಲೇಬೇಕು. ಗರಿ ಮೂರ್‌ಹೆನ್ (ವಾಟರ್‌ಹೆನ್ ಅಂದ್ರೂ ಇದೇ ನೀರುಕೋಳಿ) ರೆಕ್ಕೆ ಒಳಬದಿಯ ಬೂದು ಗರಿ. ಲಾರ್ಜ್ ಡಾರ್ಕ್ ಆಲಿವ್ ಅನ್ನೋ ಹುಳ ಏಳೋ ಮಾರ್ಚ್ ಏಪ್ರಿಲ್‌ಗೆ ಇದು ಬಾಕ್ಸ್‌ನಲ್ಲಿ ಇರ್ಲೇಬೇಕು.

ಸ್ಟೀವರ್ಟ್ಸ್ ಬ್ಲ್ಯಾಕ್ ಸ್ಪೈಡರ್ ಸ್ಕಾಟ್ಲೆಂಡ್ ಕಡೆಯದು, ಡಬ್ಲ್ಯೂ. ಸಿ. ಸ್ಟೀವರ್ಟ್ 1857ರಲ್ಲಿ ಬರೆದು ಹೆಸರು ಮಾಡಿಸಿದ್ದು. ಕಂದು ರೇಷ್ಮೆ, ಸ್ಟಾರ್ಲಿಂಗ್ ಅನ್ನೋ ಹಕ್ಕಿಯ ಕುತ್ತಿಗೆಯ ಹೊಳೆಯೋ ಕಪ್ಪು ಗರಿ, ಇದರಲ್ಲಿ ಗರಿ ಕುತ್ತಿಗೇಲಿ ಮಾತ್ರ ಅಲ್ಲ, ನೂಲಿನ ಜೊತೆ ಹುರಿ ಮಾಡಿ ಅರ್ಧ ಮೈ ತನಕ ಬಿಡಿಬಿಡಿಯಾಗಿ ಸುತ್ತಿರತ್ತೆ. ಈ ಗರಿಗಳಲ್ಲಿ ಯಾವುದೇ ಆಗ್ಲಿ, ಇಲ್ಲಿ ಕೂಡ ನಂಬಿಕಸ್ತ ಮೆಟೀರಿಯಲ್ ಅಂಗಡಿಯಿಂದಾನೇ ತಗೊಳ್ಳಿ, ಹಳೇ ರೆಸಿಪೀಲಿರೋ ಡಾಟರೆಲ್ ಥರದ ಹಕ್ಕಿಗಳಿಗೆ ಇವತ್ತು ರಕ್ಷಣೆ ಇದೆ, ಬದಲಿ ಗರಿ ಸಾಕಷ್ಟಿದೆ.

ನೀರಿಗೆ ಇಳಿದಾಗ

ಇಂಗ್ಲೆಂಡಲ್ಲಿ ರಾಡ್ ಲೈಸೆನ್ಸ್, ಅಂದ್ರೆ ಗಾಳ ಹಾಕೋ ಪರವಾನಗಿ, ಬೇಕು, ಅದರ ಮೇಲೆ ಆ ನದಿ ಭಾಗದ ಕ್ಲಬ್ ಇಲ್ಲಾ ಎಸ್ಟೇಟ್‌ನ ಡೇ ಟಿಕೆಟ್ ಬೇರೆ. ಯಾರ್ಕ್‌ಶೈರ್ ನದಿಗಳಲ್ಲಿ ಬ್ರೌನ್ ಟ್ರೌಟ್ ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ 30ರ ತನಕ. ಹಿಮಾಚಲದ ತೀರ್ಥನ್ ನದಿ ಕಡೆ ಹೋಗೋರು ಮೀನುಗಾರಿಕೆ ಇಲಾಖೆ ಪರ್ಮಿಟ್ ಮಾಡಿಸ್ಕೊಳ್ಳಿ, ಚಳಿಗಾಲದಲ್ಲಿ ಮೊಟ್ಟೆ ಇಡೋ ಹೊತ್ತಿಗೆ ಟ್ರೌಟ್ ಹಿಡಿಯೋದು ಬಂದ್ ಇರತ್ತೆ. ಅಲ್ಲಿಯ ನೀರೂ ಹಿಂಗೇ, ಕಲ್ಲು, ಓಟ, ತಣ್ಣಗೆ, ಈ ಫ್ಲೈ ಅಲ್ಲೂ ಸಲ್ಲತ್ತೆ, 12 ನಂಬರ್ ಜಾಸ್ತಿ ಇಟ್ಕೊಳ್ಳಿ.

ಹಳೇ ಪದ್ಧತೀಲಿ ಒಂದೇ ದಾರಕ್ಕೆ ಮೂರು ಫ್ಲೈ, ಒಂದು ತುದೀಲಿ, ಎರಡು ಡ್ರಾಪರ್, ಅಂದ್ರೆ ಮೇಲೆ ಅಡ್ಡ ಕವಲಾಗಿ ಕಟ್ಟಿದ ಗಿಡ್ಡ ದಾರದಲ್ಲಿ. ಹೊಸಬರು ಒಂದರಲ್ಲೇ ಶುರು ಮಾಡಿ, ಮೂರು ಸಿಕ್ಕಾಕ್ಕೊಂಡ್ರೆ ಅರ್ಧ ದಿನ ಗಂಟು ಬಿಡಿಸೋದೇ ಆಗತ್ತೆ. ಗಿಡ್ಡ ಲೈನ್, ಹರಿವಿಗೆ ಅಡ್ಡಲಾಗಿ ಸ್ವಲ್ಪ ಮೇಲ್ಗಡೆಗೆ ಎಸೀರಿ, ರಾಡ್ ನಿಧಾನ ಎತ್ತುತ್ತಾ ಫ್ಲೈ ನೀರಿನ ವೇಗದಲ್ಲೇ ಬರೋಕೆ ಬಿಡಿ, ನೀವು ಎಳೀಬೇಡಿ. ಲೈನ್ ಒಂಚೂರು ನಿಂತ ಹಾಗೆ, ಪಕ್ಕಕ್ಕೆ ಜರುಗಿದ ಹಾಗೆ ಕಂಡ್ರೆ ರಾಡ್ ಎತ್ತಿ. ಕೆಳಗಡೆಗೆ ಎಸೆದು ಬಿಗಿ ಲೈನಲ್ಲಿ ಬಾಗಿಸಿ ತರೋದು ಸುಲಭ, ಅದರಲ್ಲೂ ಮೀನು ಕಚ್ಚತ್ತೆ, ಆದ್ರೆ ತಪ್ಪಿಸ್ಕೊಳ್ಳೋದೂ ಜಾಸ್ತಿ.

ಮನೆಗೆ ಬಂದ ಮೇಲೆ ಬಾಕ್ಸ್ ಮುಚ್ಚಳ ತೆಗೆದು ರಾತ್ರಿ ಪೂರ್ತಿ ಒಣಗಲಿ. ಒದ್ದೆ ಫ್ಲೈ ಹಾಗೇ ಮುಚ್ಚಿಟ್ರೆ ಹುಕ್ ತುಕ್ಕು ಹಿಡಿದು ರೇಷ್ಮೆ ಕಪ್ಪಾಗತ್ತೆ, ಆಮೇಲೆ ದೊಡ್ಡ ಮೀನು ಬಿದ್ದ ದಿನವೇ ಬಾಗಿನ ಹತ್ರ ಪಟ್ ಅಂತ ಮುರಿಯತ್ತೆ.